ಕಪಿಲೆಯ ಮಹಾಮತ್ಸ್ಯ

ಕಪಿಲಾನದಿಯು ವಯನಾಡಿನ ಮಲೆಗಳಿಂದಿಳಿದು, ಹೆಗ್ಗಡದೇವನಕೋಟೆಯ ಸೀಮೆಯನ್ನು ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದು. ಈ ನದಿಯ ಹೆಸರನ್ನು ಗಾಳಪ್ರಿಯರ ಲೋಕದಲ್ಲೆಲ್ಲ ಪ್ರಸಿದ್ಧಗೊಳಿಸಿದವರು ಮೈಸೂರಿನ ಜೆ. ಡಿ ವೆಟ್ ವ್ಯಾನ್ ಇಂಗನ್ ಅವರು.

ಅವರ ತಂದೆ ಯೂಜೀನ್ ವ್ಯಾನ್ ಇಂಗನ್, ಸತ್ತ ಮೃಗಗಳ ಚರ್ಮವನ್ನು ಹದಮಾಡಿ ಸಜೀವವೋ ಎಂಬಂತೆ ನಿಲ್ಲಿಸುವ ಕಾರ್ಖಾನೆಯನ್ನು ಮೈಸೂರಿನಲ್ಲಿ ಸ್ಥಾಪಿಸಿದರು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದ ಸೇನಾನಿಗಳ ಹೆಸರುಗಳನ್ನೇ ತಮ್ಮ ಮಕ್ಕಳಿಗಿಟ್ಟರು. ಹೀಗೆ ಡಿ ವೆಟ್ ಅವರು ನಾಮಮಾತ್ರದಿಂದ ಸೇನಾನಿ. ಅವರ ಪರಾಕ್ರಮವಾದರೋ ನದೀತೀರದ್ದು.

1946ರ ಮಾರ್ಚ್ 22ರಂದು ಕಪಿಲೆಯಲ್ಲಿ ಅವರ ಗಾಳಕ್ಕೆ ಸಿಕ್ಕಿದ ಮಹಶೀರ್ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಗಾಳ ಕಚ್ಚಿದೊಡನೆ ಈ ಮತ್ಸ್ಯವು ರಭಸದಿಂದ ಬಂಡೆಗಳ ನಡುವೆ ನುಗ್ಗುವುದು. ಅವಸರಪಟ್ಟವನ ದಾರವು ಹರಿಯದೆ ಇರದು. ಅಲ್ಲಿ ಬಾಹುಬಲಕ್ಕಿಂತ ತಾಳ್ಮೆಯೇ ಆಯುಧ.

1974ರಲ್ಲಿ ಕಪಿಲೆಗೆ ಅಣೆಕಟ್ಟು ಬಂದಿತು. ರೈತನ ಗದ್ದೆಗೆ ನೀರು ದೊರೆಯಿತು. ಮೀನಿನ ಹಾದಿ ಮುಚ್ಚಿತು. ಸಿಡಿಮದ್ದಿನ ಬೇಟೆ, ಮರಳುಗಾರಿಕೆ, ಹೊರಗಿನಿಂದ ತಂದುಬಿಟ್ಟ ಬೇರೆ ಮಹಶೀರ್‌ಗಳ ಪೈಪೋಟಿ ಇವೂ ಸೇರಿ ಕಾವೇರೀಪ್ರಾಂತದ ಡುಬ್ಬಬೆನ್ನಿನ ಮಹಶೀರ್ ಕ್ಷೀಣಿಸಿತು. 2018ರಲ್ಲಿ ವಿದ್ವಾಂಸರು ಅದರ ಶಾಸ್ತ್ರೀಯ ನಾಮವನ್ನು ನಿಶ್ಚಯಿಸುವ ವೇಳೆಗೆ ಅದು ಅಳಿವಿನ ಅಂಚಿನಲ್ಲಿತ್ತು.

ವ್ಯಾನ್ ಇಂಗನ್ ಕಾರ್ಖಾನೆಯೂ 1999ರಲ್ಲಿ ಮುಚ್ಚಿತು. ಅವರು ನಿಲ್ಲಿಸಿದ ಹುಲಿ ಚಿರತೆಗಳು ಇಂದಿಗೂ ಅರಮನೆಗಳಲ್ಲಿ ಕಣ್ಣು ತೆರೆದು ನಿಂತಿವೆ. ಕುಶಲಿಯ ಕೈ ರೂಪವನ್ನು ಉಳಿಸಬಲ್ಲುದು. ಸಂತತಿಯನ್ನು ಉಳಿಸಬಲ್ಲುದು ಹರಿಯುವ ನೀರು ಮಾತ್ರವೇ. ಡಿ ವೆಟ್ ಅವರನ್ನು ಸ್ಮರಿಸುವವರು ಅವರೊಡನೆ ಸೆಣಸಿದ ಆ ಮೀನಿನ ಕುಲವನ್ನೂ ಸ್ಮರಿಸುವುದು ನ್ಯಾಯ.