ಸುಮ್ಮನೆ ಬಿದ್ದ ಜಾಗ



ಚಡಚಣವು ಇಂಡಿ ತಾಲೂಕಿನಿಂದ ಬೇರ್ಪಟ್ಟು ತಾನೇ ಒಂದು ತಾಲೂಕು ಕೇಂದ್ರವಾದ ಮೇಲೆ ಅದರ ಸುತ್ತಲಿನ ಹೊಲಗಳಲ್ಲಿ ಪ್ಲಾಟಿನ ಕಲ್ಲುಗಳು ಏಳುತ್ತಿರುವುದನ್ನು ತಾವೆಲ್ಲ ಕಂಡಿದ್ದೀರಿ. ಕಚೇರಿಗಳು ಬರುತ್ತವೆ, ಅಂಗಡಿಗಳು ಬರುತ್ತವೆ, ಮನೆಗಳು ಬರುತ್ತವೆ; ಊರು ಬೆಳೆಯುವುದು ಸಂತೋಷದ ವಿಷಯವೇ ಸರಿ. ಆದರೆ ಬೆಳೆಯುವ ಊರಿನಲ್ಲಿ ಮಕ್ಕಳು ಆಡುವುದೆಲ್ಲಿ, ವೃದ್ಧರು ಸಂಜೆಯ ಹೊತ್ತು ನಾಲ್ಕು ಹೆಜ್ಜೆ ನಡೆಯುವುದೆಲ್ಲಿ, ಹಕ್ಕಿಗಳು ಬಂದು ಕೂಡ್ರುವುದೆಲ್ಲಿ ಎಂದು ಕೇಳುವವರು ವಿರಳ. ಆ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಬೇಕೆಂದು ನಮ್ಮ ಅಪೇಕ್ಷೆ. ಅದಕ್ಕೊಂದು ಕಾರಣವೂ ಉಂಟು.

ಕಳೆದ ವರ್ಷ ಶ್ರಾವಣಮಾಸದಲ್ಲಿ ಕೆಲವು ಭಕ್ತರು ಶ್ರೀಮಠಕ್ಕೆ ಬಂದರು. ಊರ ಹೊರಗಿನ ಗಾಯರಾಣದ ಒಂದು ಭಾಗವನ್ನು ಮಠಕ್ಕೆ ಮಂಜೂರು ಮಾಡಿಸಿಕೊಂಡು ಅಲ್ಲಿ ಕಲ್ಯಾಣಮಂಟಪ ಕಟ್ಟಿಸಬೇಕೆಂಬುದು ಅವರ ವಿಚಾರ. “ಅಪ್ಪಾರ, ಜಾಗಾ ಸುಮ್ಮನ ಬಿದ್ದದ. ಬಡವರ ಮದುವಿಗೂ ಆಗತದ, ಮಠಕ್ಕೂ ಉತ್ಪನ್ನ ಬರತದ” ಎಂದು ಅವರಲ್ಲಿ ಹಿರಿಯರೊಬ್ಬರು ಅರಿಕೆ ಮಾಡಿಕೊಂಡರು. ಅವರ ಉದ್ದೇಶ ನಿರ್ಮಲವಾದುದು. ಅದರಲ್ಲಿ ಸ್ವಾರ್ಥದ ಲೇಶವೂ ಇರಲಿಲ್ಲ. ಆದರೆ ‘ಸುಮ್ಮನೆ ಬಿದ್ದದ’ ಎಂಬ ಮಾತು ಮಾತ್ರ ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಮುಂದೆ ಎಂಟು ದಿನ ಬೆಳಗು ಬೈಗುಗಳಲ್ಲಿ ಆ ಬಯಲಿಗೆ ಹೋಗಿ ನೋಡಿದೆವು. ನಸುಕಿನಲ್ಲಿ ಸೈನ್ಯಕ್ಕೋ ಪೊಲೀಸ್ ಇಲಾಖೆಗೋ ಸೇರಬೇಕೆನ್ನುವ ತರುಣರು ಅಲ್ಲಿ ಓಡುತ್ತಿದ್ದರು. ಬಿಸಿಲೇರಿದ ಮೇಲೆ ಕುರಿಗಳು ಬಂದವು. ಮುದುಕಿಯರು ಬೇವಿನ ಬೀಜ ಆರಿಸಲು ಬಂದರು. ಸಂಜೆ ಒಂದು ಕಡೆ ಕಬಡ್ಡಿ, ಇನ್ನೊಂದು ಕಡೆ ಲಗೋರಿ, ಮತ್ತೊಂದು ಕಡೆ ಕ್ರಿಕೆಟ್. ಹಣ ಕೊಡದೆ, ಚೀಟಿ ತೋರಿಸದೆ, ಜಾತಿ ಹೇಳದೆ ಇಷ್ಟು ಜನ ಕೂಡುವ ಸ್ಥಳ ಊರಿನಲ್ಲಿ ಬೇರೊಂದಿರಲಿಲ್ಲ. ಯಾವ ಜಾಗವನ್ನು ನಾವು ಸುಮ್ಮನೆ ಬಿದ್ದದ್ದೆನ್ನುತ್ತೇವೆಯೋ ಅದು ಇಡೀ ದಿನ ದುಡಿಯುತ್ತಿತ್ತು. ಅದರ ದುಡಿಮೆಗೆ ಪಾವತಿ ಪುಸ್ತಕವಿಲ್ಲ, ಅಷ್ಟೇ.

ನಮ್ಮ ಜಿಲ್ಲೆಗೆ ವಿಹಾರಸ್ಥಳವೆಂಬುದು ಹೊಸದಲ್ಲ. ವಿಜಯಪುರದಿಂದ ಸಿಂದಗಿಯ ಕಡೆಗೆ ಹೋಗುವ ದಾರಿಯಲ್ಲಿ ಕುಮಟಗಿ ಎಂಬ ಊರಿದೆ. ಆದಿಲಶಾಹಿ ಸುಲ್ತಾನರು ಅಲ್ಲಿ ಕೆರೆಯ ಮಗ್ಗುಲಲ್ಲಿ ಜಲಮಂಟಪಗಳನ್ನೂ ಕಾರಂಜಿಗಳನ್ನೂ ಕಟ್ಟಿಸಿದ್ದರು. ಅಲ್ಲಿಯ ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರ ಮತ್ತು ಕುಸ್ತಿ ಹಿಡಿಯುವ ಮಲ್ಲರ ಚಿತ್ರಗಳಿದ್ದವು. ನೀರು, ನೆರಳು, ಆಟ ಮೂರನ್ನೂ ಒಂದೆಡೆ ಕೂಡಿಸಿದ ಆ ಯೋಜಕರ ಬುದ್ಧಿ ಮೆಚ್ಚುವಂಥದು. ಆದರೆ ಅದು ಅರಸರ ವಿಹಾರ, ಪ್ರಜೆಗಳದಲ್ಲ.

ಪ್ರಜೆಗಳಿಗೂ ಅಂಥ ಸ್ಥಳ ಬೇಕೆಂಬ ಭಾವನೆ ನಿಧಾನವಾಗಿ ಬಂದಿತು. ಬೆಂಗಳೂರಿನ ಕಬ್ಬನ್ ಉದ್ಯಾನವು 1870ರಲ್ಲಿ ಆಗಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ ಆರಂಭವಾಯಿತು. ಸುಮಾರು 100 ಎಕರೆಯಷ್ಟಿದ್ದುದು ಮುಂದೆ 300 ಎಕರೆಯಷ್ಟಾಯಿತು. ಅದಕ್ಕೂ ಲಾಲಬಾಗಿಗೂ ಕಟ್ಟಡಗಳ ಹಾವಳಿ ತಟ್ಟಬಾರದೆಂದು 1975ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ಇಡೀ ರಾಜ್ಯದ ಉದ್ಯಾನ, ಆಟದ ಮೈದಾನ ಮತ್ತು ಬಯಲು ಸ್ಥಳಗಳ ರಕ್ಷಣೆಗಾಗಿ 1985ರಲ್ಲಿ ಮತ್ತೊಂದು ಶಾಸನ ಬಂದಿತು.

ಅದೇ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ನಡೆದ ಸಂಗತಿಯೊಂದನ್ನು ತಾವು ಅವಶ್ಯವಾಗಿ ತಿಳಿಯಬೇಕು. ಅಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಒಂದು ಖಾಸಗಿ ಆಸ್ಪತ್ರೆಗೆ ಕೊಡಲಾಯಿತು. ನೆರೆಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಮೊದಲು ಸೋತರೂ ಹಿಂಜರಿಯಲಿಲ್ಲ. ಕೊನೆಗೆ 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿಯೇ ತೀರ್ಪಿತ್ತಿತು. ಆಸ್ಪತ್ರೆ ಕೆಟ್ಟ ವಸ್ತುವೇ? ಅಲ್ಲ. ಆದರೂ ಎಲ್ಲರಿಗೆಂದು ಬಿಟ್ಟ ಬಯಲನ್ನು ಒಂದು ಸಂಸ್ಥೆಯ ಸ್ವತ್ತಾಗಿ ಮಾಡಲು ಬಾರದು. ಒಳ್ಳೆಯ ಕೆಲಸದ ಹೆಸರಿನಲ್ಲಿ ಬಯಲು ಹೋಗುವುದೇ ಹೆಚ್ಚು ಅಪಾಯದ್ದು. ಏಕೆಂದರೆ ಒಳ್ಳೆಯ ಕೆಲಸಕ್ಕೆ ಯಾರೂ ಬೇಡವೆನ್ನುವುದಿಲ್ಲ. ಮಠದ ಹೆಸರು ಹೇಳಿದರಂತೂ ಕೇಳುವುದೇ ಬೇಡ.

ಆದ್ದರಿಂದ ಆ ಭಕ್ತರಿಗೆ ನಾವು ಬೇಡವೆಂದೆವು. “ನಾವು ಬಿಟ್ಟರ ಮತ್ತೊಬ್ಬರು ನುಂಗತಾರಲ್ಲರೀ ಅಪ್ಪಾರ” ಎಂದು ಅವರು ಕೇಳಿದರು. ಇದು ತಳ್ಳಿಹಾಕುವ ಮಾತಲ್ಲ. ಗಾಯರಾಣಗಳು ಹೇಗೆ ಕರಗಿಹೋಗಿವೆ ಎಂಬುದನ್ನು ನಾವೆಲ್ಲ ಬಲ್ಲೆವು. ಆದರೆ ಕಳ್ಳನು ಒಯ್ದಾನೆಂದು ಪರರ ಗಂಟನ್ನು ನಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರೆ ಅದು ರಕ್ಷಣೆಯೆನಿಸುವುದಿಲ್ಲ. ಬಯಲು ಬಯಲಾಗಿಯೇ ಉಳಿಯುವಂತೆ ಊರಿನ ಉದ್ಯಾನವೆಂದು ದಾಖಲೆಗೆ ಸೇರಿಸುವುದೇ ಸರಿಯಾದ ಮಾರ್ಗ. ಅದಕ್ಕಾಗಿ ಊರವರೇ ಮನವಿ ಸಲ್ಲಿಸಿದ್ದಾರೆ. ನಮ್ಮ ನಿರ್ಧಾರ ಕೆಲವರಿಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಕೆಲವರು ಮಠಕ್ಕೆ ಬರುವುದನ್ನೇ ಕಡಿಮೆ ಮಾಡಿದ್ದಾರೆ. ಅವರ ಬಗ್ಗೆ ನಮಗೆ ಬೇಸರವಿಲ್ಲ. ಈ ಲೇಖನ ಅವರಿಗಾಗಿಯೂ ಬರೆದುದು.

ಇನ್ನು, ಉದ್ಯಾನವೆಂದರೆ ಹೇಗಿರಬೇಕು? ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಮ್ಮ ನಾಡಿನಲ್ಲಿ ನಿತ್ಯವೂ ನೀರು ಬೇಡುವ ಹುಲ್ಲುಹಾಸು ಹಾಸಿ, ಬೇಸಿಗೆಯಲ್ಲಿ ಅದನ್ನು ಒಣಗಿಸುವುದು ಜಾಣತನವಲ್ಲ. ಬೇವು, ಬನ್ನಿ, ಹುಣಸೆ, ಬೋರೆ, ಮುತ್ತಲ, ಕರಿಜಾಲಿ ಇವು ಇಲ್ಲಿಯ ಎರೆಮಣ್ಣನ್ನೂ ಬಿಸಿಲನ್ನೂ ಅರಿತ ಗಿಡಗಳು. ಮೊದಲೆರಡು ಮೂರು ವರ್ಷ ಸಲಹಿದರೆ ಮುಂದೆ ಅವೇ ನಮ್ಮನ್ನು ಸಲಹುತ್ತವೆ. ಅಮೇರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಮಾತ್ರ ಬೇರು ಸಹಿತ ಹೋಗಬೇಕು. ಅದು ತನ್ನ ಮಗ್ಗುಲಲ್ಲಿ ಬೇರೆ ಗಿಡಗಳನ್ನು ಏಳಗೊಡುವುದಿಲ್ಲ. ಎಲ್ಲ ಕಡೆಯೂ ಗಿಡ ನೆಡಬೇಕೆಂದೂ ಅಲ್ಲ. ನಮಗೆ ಸಮೀಪದ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ ಬರಿಯ ಹುಲ್ಲುಗಾವಲನ್ನೇ ಎರೆಭೂತವೆಂಬ ದೊಡ್ಡ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯದ ಭಾಗವನ್ನಾಗಿ ಮಾಡಿದರು. ಹುಲ್ಲು ಬೆಳೆದ ಬಯಲಿಗೂ ಅದರದೇ ಆದ ಸಂಸಾರವುಂಟು.

ಆಟಕ್ಕೂ ಅಲ್ಲಿ ಸ್ಥಾನವಿರಲಿ. ಮಲಪ್ರಭೆಯ ದಂಡೆಯ ಶಿವಯೋಗಮಂದಿರದಲ್ಲಿ ನಾವು ಅಭ್ಯಾಸ ಮಾಡುವಾಗ ನದಿಯ ಸ್ನಾನ, ಬಯಲಿನ ಗಾಳಿ, ಅಂಗಸಾಧನೆಗಳು ಪಾಠದಿಂದ ಬೇರೆಯೆನಿಸಿರಲಿಲ್ಲ. ದೇಹ ಬಳಲಿದಾಗಲೇ ಮನಸ್ಸು ಶಾಂತವಾಗಿ ಓದಿಗೆ ಕೂಡ್ರುತ್ತಿತ್ತು. ಓಟಕ್ಕೊಂದು ಹಾದಿ, ಖೋಖೋ ಕಬಡ್ಡಿಗಳಿಗೆ ಹದ ಮಾಡಿದ ನೆಲ, ಕುಸ್ತಿಗೊಂದು ಕಣ, ಇಷ್ಟಕ್ಕೆ ಬಹಳ ಹಣ ಬೇಕಾಗದು. ಇನ್ನೊಂದು ಮಾತು. ಆ ಎಂಟು ದಿನಗಳಲ್ಲಿ ಹೆಣ್ಣುಮಕ್ಕಳು ಆಡುವುದನ್ನು ನಾವು ಕಾಣಲಿಲ್ಲ. ದೀಪವಿಲ್ಲ, ಶೌಚಾಲಯವಿಲ್ಲ, ಹಿರಿಯ ಹೆಂಗಸರು ಬಂದು ಕೂಡ್ರಲು ಕಟ್ಟೆಯಿಲ್ಲ. ಹೀಗಿರುವಾಗ ಅವರು ಬರುವುದೆಂತು? ಊರಿನ ಅರ್ಧ ಮಕ್ಕಳು ಬರಲಾರದ ಬಯಲು ಪೂರ್ತಿ ಸಾರ್ವಜನಿಕವಾಗಲಾರದು.

ಮಠದ ಪ್ರಸಾದನಿಲಯದಲ್ಲಿದ್ದು ಓದಿ ಇಂದು ದೂರದ ಊರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ‘ಮಠಕ್ಕೆ ಏನು ಸೇವೆ ಮಾಡೋಣ’ ಎಂದು ಆಗಾಗ ಪತ್ರ ಬರೆಯುತ್ತಾರೆ. ಅವರಿಗೆ ನಮ್ಮ ಉತ್ತರವಿಷ್ಟೇ: ತಾವಿರುವ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗ ಯಾವುದು, ಅದು ದಾಖಲೆಯಲ್ಲಿದೆಯೇ ಎಂದು ಪುರಸಭೆಗೆ ಹೋಗಿ ವಿಚಾರಿಸಿರಿ. ಊರಿಗೆ ಬಂದಾಗ ಇಲ್ಲಿಯೂ ವಿಚಾರಿಸಿರಿ. ಮಠಕ್ಕೆ ಕೊಡುವುದರಲ್ಲಿ ಒಂದು ಪಾಲನ್ನು ನಾಲ್ಕು ಬೇವಿನ ಸಸಿಗಳಿಗೂ ಅವುಗಳ ನೀರಿಗೂ ತೆಗೆದಿಡಿರಿ. ಅನ್ನವನ್ನು ನೀಡುವುದು ದಾಸೋಹವಾಗಿರುವಂತೆ, ಎಲ್ಲರಿಗೂ ಸಲ್ಲುವ ನೆಲವನ್ನು ಎಲ್ಲರಿಗಾಗಿಯೇ ಬಿಡುವುದೂ ದಾಸೋಹವೇ ಎಂದು ನಾವು ತಿಳಿದಿದ್ದೇವೆ.