ಅವ್ವನ ಚರಗ

ಎಳ್ಳ ಅಮಾವಾಸ್ಯೆಗೆ ಚಪಳಗಾಂವದ ನಮ್ಮ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಎದುರಿಗೆ ಆಳೆತ್ತರದ ಕಬ್ಬು, ಕಾಲಡಿಯಲ್ಲಿ ಹನಿ ನೀರಾವರಿಯ ಕರಿ ಕೊಳವೆ. ಅವ್ವ ಬುಟ್ಟಿ ಇಳಿಸಿ, "ಜ್ವಾಳ ಸೊಲ್ಲಾಪುರ ಪ್ಯಾಟಿದು, ಚರಗ ಮಾತ್ರ ಇಲ್ಲಿ. ಭೂಮಿತಾಯಿ ಏನ್ ತಿಳಕೊಂಡಾಳು?" ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಬ್ಯಾಂಕಿನ ಗುಮಾಸ್ತನಾಗಿ ಈ ಹೊಲದ ಸಾಲದ ಅರ್ಜಿ ತುಂಬಿದವನು ನಾನೇ. ಎಕರೆಗೆ ಇಂತಿಷ್ಟು ಎಂದು ಬೆಳೆವಾರು ನಿಗದಿಯಾಗುವ ಸಾಲದಲ್ಲಿ ಜೋಳಕ್ಕಿಂತ ಕಬ್ಬಿಗೆ ಹೆಚ್ಚು. 2021ರಲ್ಲಿ ರೈತನೇ ಮೊಬೈಲಿನಲ್ಲಿ ಬೆಳೆ ದಾಖಲಿಸುವ 'ಇ-ಪೀಕ ಪಾಹಣಿ' ಬಂದಾಗ, ಫೋಟೋ ತೆಗೆದು 'ಊಸ' ಎಂದು ಒತ್ತಿದವನೂ ನಾನೇ.

ನಮ್ಮದು ಜೋಳದ ಸೀಮೆ. ಹೆಸರಾಂತ 'ಮಾಲದಂಡಿ 35-1' ತಳಿಯನ್ನು 1930ರ ದಶಕದಲ್ಲಿ ಆಯ್ದದ್ದು ಇದೇ ಜಿಲ್ಲೆಯ ಮೊಹೋಳದಲ್ಲಿ. ಹಿಂಗಾರಿಯಲ್ಲಿ ಬಿತ್ತಿದರೆ ಎರೆಮಣ್ಣಿನ ಹಸಿಯಲ್ಲೇ ಬೆಳೆದು ಮನುಷ್ಯನಿಗೆ ರೊಟ್ಟಿ, ಎತ್ತಿಗೆ ಕಣಿಕೆ ಕೊಡುತ್ತಿತ್ತು.

ಹಾಗಾದರೆ ಅದು ಹೋದದ್ದೇಕೆ? ತಿನ್ನುವವರಿಲ್ಲದೆ ಅಲ್ಲ. ಸೋಯಾಬೀನ್ ಕೊಯ್ಯಲು ಯಂತ್ರ ಬಂತು, ಜೋಳದ ರಾಶಿಗೂ ಬಂತು. ಆದರೆ ಎತ್ತರದ ಈ ಜೋಳವನ್ನು ಬೇರುಸಹಿತ ಕೀಳಲು ಇಂದಿಗೂ ಬಹುಪಾಲು ಕೈಗಳೇ ಬೇಕು. ಬೆನ್ನು ಮುರಿಯುವ ಆ ಕೆಲಸಕ್ಕೆ ಆಳು ಸಿಗುವುದಿಲ್ಲ. ಟ್ರ್ಯಾಕ್ಟರ್ ಬಂದು ನಮ್ಮ ಎತ್ತುಗಳು ಹೋದ ಮೇಲೆ ಕಣಿಕೆಯೂ ಬೇಡವಾಯಿತು. ಯಂತ್ರ ಜೋಳವನ್ನು ಓಡಿಸಲಿಲ್ಲ. ಬೇರೆ ಬೆಳೆಗಳ ಕೈಹಿಡಿದು ಇದನ್ನು ಹಿಂದೆ ಬಿಟ್ಟಿತು.

ಕೇರಳದಲ್ಲಿ ಭತ್ತದ ಗದ್ದೆ ಉಳಿಸಲು 2008ರಲ್ಲಿ ಕಾನೂನೇ ಆಯಿತು. ಕಾಸರಗೋಡಿನ ಓದುಗರು ಅದರ ಫಲ ಬಲ್ಲರು. ನಮ್ಮ ಜೋಳದ ಹೊಲಕ್ಕೆ ಅಂಥ ಕಾನೂನಿಲ್ಲ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಬ್ಯಾಂಕಿನ ಗೋಡೆಗೆ ಜೋಳದ ತೆನೆಯ ಚಿತ್ರ ಬಂತು. ಅದರ ಕೆಳಗೇ ಕೂತು ನಾನು ಕಬ್ಬಿನ ಅರ್ಜಿ ಬರೆಸಿದೆ.

ಕಬ್ಬನ್ನು ಜರೆಯಲಾರೆ. ಮಗಳ ಕಾಲೇಜಿನ ಶುಲ್ಕ ಕಟ್ಟಿದ್ದು ಅದೇ. ಆದರೂ ಕಬ್ಬು ಕಾರ್ಖಾನೆಗೆ ಹೋಗಿ, ನಾವು ಚೀಲ ಹಿಡಿದು ಪೇಟೆಗೆ ಹೋಗುವುದು ಮನಸ್ಸಿಗೆ ಒಗ್ಗುತ್ತಿಲ್ಲ.

ಬರುವ ಹಿಂಗಾರಿಗೆ ಒಂದೆಕರೆ ಜೋಳಕ್ಕೆಂದು ಬಿಡುತ್ತಿದ್ದೇವೆ. ಆಳು ಸಿಗದಿದ್ದರೆ ರಜೆ ಹಾಕಿ ನಾನೇ ಕೀಳಬೇಕು. ಕುರ್ಚಿಗೆ ಒಗ್ಗಿದ ಬೆನ್ನು ಏನನ್ನುತ್ತದೋ! ಅವ್ವ ಮಾತ್ರ ಈಗಲೇ ಬೀಜ ಆರಿಸುತ್ತ ಕೂತಿದ್ದಾಳೆ.