ಹಸಿರು ತಂತಿ

2020ರಲ್ಲಿ ಕೊರೋನಾದಿಂದಾಗಿ ಮನೆಗೆಲಸದವರು ಬರುವುದು ನಿಂತಾಗ, ಮಗಳು ಹಟ ಹಿಡಿದು ನಮಗೊಂದು ಡಿಶ್‌ವಾಷರ್ ಕೊಡಿಸಿದಳು. ಬಾಣಲೆಯ ಜಿಡ್ಡು ಅದರಿಂದ ಹೋಗದೆಂದು ನನ್ನಾಕೆ ಮೊದಲ ದಿನವೇ ತೀರ್ಪು ಕೊಟ್ಟರೂ, ಲೋಟ ತಟ್ಟೆಗಳ ಮಟ್ಟಿಗೆ ರಾಜಿಯಾದಳು. ಮೂರು ವರ್ಷ ಯಾವ ತಕರಾರೂ ಇರಲಿಲ್ಲ.

ಆಮೇಲೆ ರೋಗ ಶುರುವಾಯಿತು. ಯಂತ್ರಕ್ಕೆ ನೀರು ತುಂಬಿ ಹತ್ತು ನಿಮಿಷವಾಗುವಷ್ಟರಲ್ಲಿ ಇಡೀ ಮನೆಯ ದೀಪ, ಫ್ಯಾನುಗಳು ಒಮ್ಮೆಲೇ ಆರಿಹೋಗುತ್ತಿದ್ದವು. ನೋಡಿದರೆ ಮೀಟರ್ ಬೋರ್ಡಿನ ಆರ್‌ಸಿಸಿಬಿ ಬಿದ್ದಿರುತ್ತಿತ್ತು. ಹೋಗುವ ಕರೆಂಟಿಗೂ ಹಿಂದಿರುಗುವ ಕರೆಂಟಿಗೂ 30 ಮಿಲಿಆಂಪಿಯರ್‌ನಷ್ಟು ವ್ಯತ್ಯಾಸ ಬಂದರೆ ಸಂಪರ್ಕವನ್ನು ಕಡಿಯುವುದು ಅದರ ಕೆಲಸ. ವ್ಯತ್ಯಾಸವಿದೆ ಎಂದರೆ ಕರೆಂಟು ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಂದ ಮೆಕ್ಯಾನಿಕ್ ನೀರು ಕಾಯಿಸುವ ಹೀಟರಿನ ಎರಡು ತುದಿಗಳ ನಡುವೆ ರೋಧವನ್ನು ಅಳೆದು, 29 ಓಮ್ ಇದೆ, ಹೀಟರ್ ಸರಿಯಾಗಿದೆ ಎಂದ. 230 ವೋಲ್ಟಿನಲ್ಲಿ 1800 ವಾಟಿನ ಹೀಟರಿಗೆ ಲೆಕ್ಕದ ಪ್ರಕಾರ ಅಷ್ಟೇ ಬರಬೇಕು. ನಾನೂ ತಲೆದೂಗಿದೆ. ಎರಡನೆಯವನು 16 ಆಂಪಿಯರಿನ ಸಾಕೆಟ್ಟನ್ನೇ ಬದಲಿಸಿದ. ಎರಡು ದಿನಕ್ಕೆ ಮತ್ತೆ ಅದೇ ಕತೆ.

ಮೂರನೆಯವನು ನನ್ನ ಹಳೆಯ ವಿದ್ಯಾರ್ಥಿ. ಈಗ ವೈರಿಂಗ್ ಕೆಲಸ ಮಾಡುತ್ತಾನೆ. ಅರ್ಧ ಗಂಟೆ ಏನೇನೋ ಮಾಡಿ, "ಇನ್ನು ಬೀಳಲ್ಲ ಬಿಡಿ ಸಾರ್" ಎಂದ. ದುಡ್ಡು ಕೊಡಲು ಹೋದರೆ ಕೈಮುಗಿದ. ಕಾಫಿ ಕುಡಿಸಿ ಕಳಿಸಿದೆ. ಹೇಳಿದಂತೆಯೇ ಆರ್‌ಸಿಸಿಬಿ ಬೀಳುವುದು ನಿಂತಿತು. ಏನು ಮಾಡಿದೆಯಪ್ಪಾ ಎಂದು ನಾನು ಕೇಳಲಿಲ್ಲ.

ವಾರವಾದ ಮೇಲೆ ನನ್ನಾಕೆ, "ರೀ, ಆ ಮಿಶನ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ" ಎಂದಳು. ವಯಸ್ಸಾದವರಿಗೆ ಕೈ ಜೋಮು ಹಿಡಿಯುವುದು ಸಹಜ ಎಂದುಬಿಟ್ಟೆ. ಮರುದಿನ ಒದ್ದೆ ಕೈಯಿಂದ ಬಾಗಿಲಿನ ಸ್ಟೀಲ್ ಅಂಚನ್ನು ಮುಟ್ಟಿದವಳು ಕಿರುಚಿ ಹಿಂದೆ ಸರಿದಳು. ಟೆಸ್ಟರ್ ತಂದು ಅಂಚಿಗೆ ಇಟ್ಟೆ. ದೀಪ ಹತ್ತಿತು.

ಮೇನ್ ಸ್ವಿಚ್ ಆರಿಸಿ ಸಾಕೆಟ್ ಬಿಚ್ಚಿದೆ. ಹಸಿರು ತಂತಿಯನ್ನು ಕತ್ತರಿಸಿ, ತುದಿಗೆ ಕಪ್ಪು ಟೇಪು ಸುತ್ತಿ, ಅಚ್ಚುಕಟ್ಟಾಗಿ ಹಿಂದಕ್ಕೆ ಮಡಚಿಟ್ಟಿತ್ತು. ಸೋರಿಕೆ ನಿಂತಿರಲಿಲ್ಲ, ಅದು ಭೂಮಿಗೆ ಇಳಿಯುವ ದಾರಿಯಷ್ಟೇ ಮುಚ್ಚಿತ್ತು. ಉಳಿದಿದ್ದ ದಾರಿಯೆಂದರೆ ಬರಿಗಾಲಿನಲ್ಲಿ ನೆಲದ ಮೇಲೆ ನಿಂತಿದ್ದ ನನ್ನಾಕೆ.

ಹುಡುಗನನ್ನು ಕರೆಸಿದೆ. ಹುಡುಗನೆಂದರೂ ಅವನಿಗೀಗ ನಲವತ್ತು ದಾಟಿದೆ. ಬಯ್ಯಬೇಕೆಂದುಕೊಂಡಿದ್ದವನು ಅವನ ಮುಖ ನೋಡಿ ಸುಮ್ಮನಾದೆ. ಇಬ್ಬರೂ ನೆಲದ ಮೇಲೆ ಕುಳಿತು ಹೀಟರನ್ನು ಕಳಚಿ, ಈ ಬಾರಿ ಒಂದು ತುದಿಗೂ ಹೊರಗಿನ ಲೋಹದ ಕೊಳವೆಗೂ ನಡುವೆ ಅಳೆದೆವು. ಅಲ್ಲಿ ಮೀಟರು ಅಲುಗಲೇಬಾರದು. ಏಳು ಸಾವಿರ ಓಮ್ ತೋರಿಸಿತು. ದಿನಪತ್ರಿಕೆಯ ಅಂಚಿನಲ್ಲಿ ಭಾಗಿಸಿದೆ: 230 ವೋಲ್ಟಿಗೆ 33 ಮಿಲಿಆಂಪಿಯರ್! ಕೊಳವೆಯೊಳಗೆ ಸುರುಳಿ ತಂತಿಯ ಸುತ್ತ ತುಂಬಿರುವ ಮೆಗ್ನೀಷಿಯಮ್ ಆಕ್ಸೈಡ್ ಪುಡಿ ಶಾಖವನ್ನು ಬಿಟ್ಟುಕೊಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಕೊಳವೆ ಬಿರುಕು ಬಿಟ್ಟು ತೇವ ಒಳಗಿಳಿದರೆ ತಡೆಯುವ ಗುಣ ಹೋಗುತ್ತದೆ. ಹೀಟರಿಗೆ ಕರೆಂಟು ಹರಿಯುವುದು ನೀರು ತುಂಬಿ ಮೊದಲ ಸುತ್ತು ಮುಗಿದ ಮೇಲೆ. ಹತ್ತು ನಿಮಿಷದ ಗುಟ್ಟು ಅದು.

"ಭೂಸಂಪರ್ಕ ತಂತಿಯ ಉಪಯೋಗವೇನು ಅಂತ ನೀವೇ ಕೇಳಿದ್ರಿ ಸಾರ್. ಬರೆದಿದ್ದೆ, ಎರಡಕ್ಕೆ ಎರಡು ಅಂಕ ಕೊಟ್ಟಿದ್ರಿ" ಎಂದ ತಲೆ ತಗ್ಗಿಸಿಕೊಂಡು.

ಕೊಟ್ಟಿರಬೇಕು. ಪ್ರತಿ ವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಮೂರು ತಂತಿಗಳನ್ನು ಅಂದವಾಗಿ ಬರೆಯುತ್ತಿದ್ದೆ. ಆ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದೇಕೆ ಎಂದೂ ಕೇಳುತ್ತಿದ್ದೆ. ಆದರೆ ತರಗತಿಯಲ್ಲಿ ಒಂದು ದಿನವಾದರೂ ನಿಜವಾದ ಪ್ಲಗ್ಗೊಂದನ್ನು ಬಿಚ್ಚಿ ತೋರಿಸಿದ ನೆನಪು ನನಗಿಲ್ಲ. ಅವನಿಗೂ ಇರಲಿಲ್ಲ.

ಹೊಸ ಹೀಟರ್ ಬಂದ ದಿನ ಅವನು ಎಲ್ಲಕ್ಕಿಂತ ಮೊದಲು ಹಸಿರು ತಂತಿಯನ್ನು ಜೋಡಿಸಿ, ಎರಡು ಬಾರಿ ಎಳೆದು ನೋಡಿದ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಒತ್ತಿ, ಅದು ಬೀಳುವುದನ್ನೂ ಖಾತ್ರಿಪಡಿಸಿಕೊಂಡ. ಈಗ ಯಂತ್ರ ಸರಿಯಾಗಿ ನಡೆಯುತ್ತಿದೆ. ನನ್ನಾಕೆ ಮಾತ್ರ ಇಂದಿಗೂ ಚಪ್ಪಲಿ ಮೆಟ್ಟಿಕೊಂಡು, ಸೆರಗಿನಲ್ಲಿ ಕೈ ಒರೆಸಿಕೊಂಡೇ ಅದರ ಬಾಗಿಲು ತೆಗೆಯುತ್ತಾಳೆ.